ಸಹಿ ಹಾಕುವ ಮುಂಚೆ

ಮಿಷಲಿನ್ ಟೈರುಗಳ ಊರಾದ ಫ್ರಾನ್ಸಿನ ಕ್ಲೆರ್ಮೋಂ-ಫೆರಾನ್‌ಗೆ ನೌಕರಿಗೆಂದು ಬಂದವನು ನಾನು. ಅದೇ ಮನೆತನ 1911ರಲ್ಲಿ ಕಟ್ಟಿದ ಇಲ್ಲಿನ ರಗ್ಬಿ ಕ್ಲಬ್ಬು ಹತ್ತು ಫೈನಲ್ ಸೋತು, 2010ರಲ್ಲಿ ಮೊದಲ ಸಲ ಫ್ರೆಂಚ್ ಚಾಂಪಿಯನ್ ಆಯಿತು. ನಲಾಗ, ನಕೈತಾಸಿ, ರಾಕಾರಂಥ ಫಿಜಿಯ ವಿಂಗರ್‌ಗಳನ್ನು ಈ ಊರು ತಲೆಯ ಮೇಲಿಟ್ಟು ಮೆರೆಸಿದೆ. ಹೆಸರು ಬಾರದ ಹುಡುಗರ ಕಥೆ ಬೇರೆ. ನನಗೆ ಫ್ರೆಂಚೂ ಇಂಗ್ಲಿಷೂ ಬರುತ್ತದೆಂದು ಗೊತ್ತಾದ ಮೇಲೆ ಅವರಲ್ಲಿ ಕೆಲವರು ಕಾಗದಪತ್ರ ಹಿಡಿದು ಮನೆಗೆ ಬರತೊಡಗಿದರು.

ಎಲ್ಲರ ಕಣ್ಣು ಮೊದಲು ಸಂಬಳದ ಮೇಲೆ. ನಾನೀಗ ಮೊದಲು ನೋಡುವುದು ಕಾಂಟ್ರಾಕ್ಟಿನ ಅವಧಿ. ಒಬ್ಬ ಹುಡುಗ ಕೆಳ ಡಿವಿಜನ್ನಿನ ಕ್ಲಬ್ಬೊಂದಕ್ಕೆ ಗಾಯಾಳುವಿನ ಬದಲಿಯಾಗಿ ಸೀಸನ್ ನಡುವೆ ಬಂದಿದ್ದ. ಇಂಥವರನ್ನು ಇಲ್ಲಿ ‘ಮೆಡಿಕಲ್ ಜೋಕರ್’ ಅನ್ನುತ್ತಾರೆ. ಚೆನ್ನಾಗಿಯೇ ಆಡಿದ. ಅವಧಿ ಮುಗಿಯುತ್ತಲೇ ಕ್ಲಬ್ಬು ಕೊಟ್ಟ ಮನೆ ಹೋಯಿತು, ಕಾರು ಹೋಯಿತು, ಏಜೆಂಟ್ ಫೋನ್ ಎತ್ತುವುದನ್ನು ನಿಲ್ಲಿಸಿದ. ಕೈಯಲ್ಲಿ ದುಡ್ಡಿರಲಿಲ್ಲ. ಸಂಬಳದ ಬಹುಪಾಲು ಅಪ್ಪ-ಅಮ್ಮನಿಗೆ, ಚರ್ಚಿಗೆ, ನೆಂಟರ ಮಕ್ಕಳ ಫೀಸಿಗೆ ಹೋಗಿತ್ತು. ಅದನ್ನು ದುಂದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವನನ್ನು ಬೆಳೆಸಿದ್ದು ಒಂದು ಮನೆಯಲ್ಲ, ಇಡೀ ಹಳ್ಳಿ. ಅವನ ಗಳಿಕೆಯಲ್ಲಿ ಹಳ್ಳಿಗೂ ಪಾಲಿದೆ.

ಕಾನೂನು ಇಂಥ ಹುಡುಗರ ಕಡೆಗಿದೆ, ಅವರಿಗೆ ಹೇಳುವವರಿಲ್ಲ ಅಷ್ಟೆ. ಇಲ್ಲಿ ಕಾಂಟ್ರಾಕ್ಟ್ ಫ್ರೆಂಚಿನಲ್ಲಿರಬೇಕು, ಆದರೆ ವಿದೇಶಿ ನೌಕರ ಕೇಳಿದರೆ ಅವನ ಭಾಷೆಯ ಪ್ರತಿಯನ್ನೂ ಕೊಡಲೇಬೇಕು. ಎರಡೂ ತಾಳೆಯಾಗದಿದ್ದರೆ ಅವನ ವಿರುದ್ಧ ಬಳಸಬಹುದಾದ್ದು ಅವನ ಭಾಷೆಯ ಪ್ರತಿ ಮಾತ್ರ. ಏಜೆಂಟ್ ಕಮಿಷನ್ ಶೇ. 10 ದಾಟುವಂತಿಲ್ಲ. ಪ್ರೊವಾಲ್ ಎಂಬ ಆಟಗಾರರ ಸಂಘವಿದೆ. ಇಷ್ಟು ತಿಳಿದ ಮೇಲೆ ಹುಡುಗರ ದನಿಯೇ ಬದಲಾಗುವುದನ್ನು ಕಂಡಿದ್ದೇನೆ.

ದೇಶದ ಜೆರ್ಸಿಯ ಪ್ರಶ್ನೆ ಇನ್ನೂ ಕಷ್ಟದ್ದು. ಫಿಜಿಯಲ್ಲಿ ಹುಟ್ಟಿದ ನಕೈತಾಸಿ, ರಾಕಾ ಇಬ್ಬರೂ ಫ್ರಾನ್ಸ್ ಪರ ಆಡಿದರು. ಆಗ ಮೂರು ವರ್ಷದ ವಾಸ ಸಾಕಿತ್ತು, ಈಗ ಐದು ವರ್ಷ ಬೇಕು. ಒಮ್ಮೆ ಫ್ರಾನ್ಸಿಗೆ ಆಡಿದರೆ ಹುಟ್ಟೂರಿನ ತಂಡದ ಬಾಗಿಲು ಮುಚ್ಚಿದಂತೆಯೇ ಇತ್ತು. 2022ರಿಂದ, ಅಂತರರಾಷ್ಟ್ರೀಯ ಪಂದ್ಯ ಆಡದೆ ಮೂರು ವರ್ಷ ಕಳೆದವನು ಒಂದು ಸಲ ಹುಟ್ಟಿದ ದೇಶಕ್ಕೆ ಮರಳಬಹುದು. ನ್ಯಾಯವಾದ ತಿದ್ದುಪಡಿ, ತಡವಾಗಿ ಬಂತು.

ಅದೇ ವರ್ಷ ಫಿಜಿಯನ್ ಡ್ರುವಾ ತಂಡ ಸೂಪರ್ ರಗ್ಬಿಗೆ ಸೇರಿತು. ಊರಲ್ಲೇ ಇದ್ದು ಸಂಬಳಕ್ಕೆ ಆಡುವ ದಾರಿ ತೆರೆಯಿತು. ಮರುವರ್ಷದ ವಿಶ್ವಕಪ್ಪಿನಲ್ಲಿ ಆ ಹುಡುಗರನ್ನೂ ಕಟ್ಟಿಕೊಂಡು ಫಿಜಿ ಆಸ್ಟ್ರೇಲಿಯಾವನ್ನು 22-15ರಿಂದ ಸೋಲಿಸಿತು. ಹತ್ತೊಂಬತ್ತರ ಹುಡುಗ ಸಲಹೆ ಕೇಳಿದರೆ ಈಗ ಹೇಳುತ್ತೇನೆ: ಮೊದಲು ಅಲ್ಲಿ ಆಡು, ಆಮೇಲೆ ಬಾ.

ತುಲೂಜ್‌ನಂಥ ರಗ್ಬಿ ಊರುಗಳಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಪಕ್ಕದ ಮನೆಗೆ ಇಂಥ ಹುಡುಗ ಬಂದರೆ, ಶನಿವಾರದ ಪಂದ್ಯದ ಸುದ್ದಿ ಆಮೇಲಿರಲಿ, ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತದೆಂದು ಕೇಳಿ. ಅವನ ಜೊತೆ ಕೂತು ಓದಿ.