ಜಲ್ಲೆಯೊಳಗಿನ ಸಿಹಿ

ಕಬ್ಬಿನ ಗದ್ದೆಯ ನಡುವೆಯೇ ಬೆಳೆದ ಮಂಡ್ಯದ ಮಕ್ಕಳೂ ಈ ಪ್ರಶ್ನೆಗೆ ತಡವರಿಸುತ್ತಾರೆ: ಜಲ್ಲೆಯೊಳಗೆ ಸಿಹಿ ಬಂದದ್ದು ಎಲ್ಲಿಂದ? ‘ಮಣ್ಣಿಂದ ಸಾರ್’ ಅನ್ನುವವರೇ ಹೆಚ್ಚು. ‘ಹಾಗಾದ್ರೆ ಮಣ್ಣು ನೆಕ್ಕಿ ನೋಡ್ರೋ’ ಅಂದರೆ ನಗುತ್ತಾರೆ.

ಗಿಡ ಮಣ್ಣು ತಿಂದು ಬೆಳೆಯುತ್ತದೆಂಬ ನಂಬಿಕೆ ಬಹಳ ಹಳೆಯದು. ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಗಿಯೇ ನೋಡಿದ. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಗಿಡ 169 ಪೌಂಡಾಯಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಹಾಗಾದರೆ ಎಲ್ಲವೂ ನೀರೇ ಎಂದು ತೀರ್ಮಾನಿಸಿಬಿಟ್ಟ. ತಮಾಷೆಯೆಂದರೆ ‘ಗ್ಯಾಸ್’ ಎಂಬ ಪದ ಹುಟ್ಟಿಸಿದವನೇ ಅವನು; ಗಾಳಿಯ ಲೆಕ್ಕ ಮಾತ್ರ ಬಿಟ್ಟುಹೋಯಿತು.

ಒಂದು ಚಮಚ ಸಕ್ಕರೆಯನ್ನು ಹಳೇ ಸೌಟಿನಲ್ಲಿ ಹಾಕಿ ಒಲೆಯ ಮೇಲೆ ಹಿಡಿಯಿರಿ. ಕರಗಿ, ಕೆಂಪಾಗಿ, ಹೊಗೆಯಾಡಿ, ಕೊನೆಗೆ ಕರೀ ಇದ್ದಿಲು ಉಳಿಯುತ್ತದೆ. ಆ ಕಪ್ಪೆಲ್ಲ ಇಂಗಾಲ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 42 ಗ್ರಾಂ ಇಂಗಾಲವಿದೆ, ಅಷ್ಟೂ ಗಾಳಿಯಿಂದ ಬಂದದ್ದು.

ಬಂದದ್ದು ಸೋಗೆಯ ಮೂಲಕ. ಅದರ ಮೈತುಂಬ ಪತ್ರರಂಧ್ರಗಳೆಂಬ ಕಣ್ಣಿಗೆ ಕಾಣದ ಕಿಂಡಿಗಳು. ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುವುದು ಅಲ್ಲಿಂದಲೇ. ಗಾಳಿಯ 10,000 ಅಣುಗಳಲ್ಲಿ ಅದರ ಪಾಲು ನಾಲ್ಕು ಚಿಲ್ಲರೆ ಮಾತ್ರ! ನೀರು ಬೇರಿನಿಂದ ಏರಿ ಬರುತ್ತದೆ. ಎಲೆಯ ಹಸಿರು, ಅಂದರೆ ಪತ್ರಹರಿತ್ತು, ಬಿಸಿಲನ್ನು ಹೀರಿಕೊಳ್ಳುತ್ತದೆ. ಆ ಶಕ್ತಿಯಿಂದ ನೀರು ಒಡೆಯುತ್ತದೆ. ಆಮ್ಲಜನಕ ಹೊರಗೆ ಹೋಗುತ್ತದೆ, ಹೈಡ್ರೋಜನ್ ಗಿಡದ ಬಳಿಯೇ ಉಳಿಯುತ್ತದೆ. ನಾವು ಉಸಿರಾಡುವುದು ಗಿಡಕ್ಕೆ ಬೇಡವಾದದ್ದನ್ನು.

ಮುಂದಿನದು ಜೋಡಿಸುವ ಕೆಲಸ. ಹಿಡಿದಿಟ್ಟ ಶಕ್ತಿ ಖರ್ಚು ಮಾಡಿ ಇಂಗಾಲಕ್ಕೆ ಇಂಗಾಲ ಪೋಣಿಸಿ ಸಕ್ಕರೆ ಕಟ್ಟಬೇಕು. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ‘ಕತ್ತಲೆ ಕ್ರಿಯೆ’ ಎಂಬ ಹೆಸರಿದೆ. ಆ ಹೆಸರಿಟ್ಟವರ ಮೇಲೆ ನನಗೆ ಸಿಟ್ಟು: ಮಕ್ಕಳು ಇದು ರಾತ್ರಿ ನಡೆಯುತ್ತದೆಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ನಡೆಯುವುದು ಹಗಲಿನಲ್ಲೇ.

ಪಕ್ಕದ ಗದ್ದೆಯ ಭತ್ತವೂ ಇದನ್ನೇ ಮಾಡುತ್ತದೆ. ಆದರೆ ಬಿಸಿಲೇರಿದಾಗ ಇಂಗಾಲ ಹಿಡಿಯುವ ಅದರ ಕಿಣ್ವ ರುಬಿಸ್ಕೋ ಎಡವುತ್ತದೆ, ಆಮ್ಲಜನಕವನ್ನು ಹಿಡಿದು ಶಕ್ತಿ ದಂಡ ಮಾಡುತ್ತದೆ. ಕಬ್ಬಿಗೆ ಇದಕ್ಕೊಂದು ಉಪಾಯ ಗೊತ್ತು. ಹೊರಗಿನ ಕೋಶಗಳು ಬೇರೊಂದು ಕಿಣ್ವದಿಂದ ಇಂಗಾಲ ಹಿಡಿದು, ನಾಲ್ಕು ಇಂಗಾಲದ ಆಮ್ಲ ಮಾಡಿ, ನರಗಳ ಸುತ್ತಲಿನ ಒಳಕೋಶಗಳಿಗೆ ಸಾಗಿಸುತ್ತವೆ. ರುಬಿಸ್ಕೋ ಕೂತಿರುವುದು ಅಲ್ಲೇ. ಸುತ್ತ ಇಂಗಾಲದ ಅನಿಲವೇ ತುಂಬಿಕೊಂಡಿರುವುದರಿಂದ ಎಡವಟ್ಟು ಕಡಿಮೆ. ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಈ ದಾರಿಯನ್ನು ವಿವರಿಸಿದ್ದು ಕಬ್ಬಿನ ಎಲೆಯನ್ನೇ ಇಟ್ಟುಕೊಂಡು.

ಹೀಗೆ ಆದ ಸಕ್ಕರೆ ಸುಕ್ರೋಸ್ ರೂಪದಲ್ಲಿ ಜಲ್ಲೆಗೆ ಇಳಿಯುತ್ತದೆ. ತುದಿಯ ಎಳೆ ಗೆಣ್ಣುಗಳು ಬಂದದ್ದನ್ನೆಲ್ಲ ಬೆಳೆಯಲು ಬಳಸಿಬಿಡುತ್ತವೆ. ಬಲಿತ ಬುಡದಲ್ಲಿ ಅದು ಕೂಡಿಕೊಳ್ಳುತ್ತದೆ. ಕಟಾವಿಗೆ ಮುಂಚೆ ರೈತ ನೀರು ನಿಲ್ಲಿಸುವುದೂ ಇದಕ್ಕೇ: ಬೆಳೆಯುವುದು ನಿಂತರೆ ಸಕ್ಕರೆ ಉಳಿಯುತ್ತದೆ. ಸಂಕ್ರಾಂತಿಗೆ ಕಬ್ಬು ತಂದಾಗ ಮೊದಲು ತುದಿ ಜಗಿಯಿರಿ, ಆಮೇಲೆ ಬುಡ.