ಭಗಂದರ ಶಸ್ತ್ರಚಿಕಿತ್ಸೆಯ ಅನಂತರ: ಹೊರಬಾಯಿ ಮುಚ್ಚಿದರೆ ಸಾಲದು

ಶರೀರದ ಬೇನೆಗಳಲ್ಲಿ ಕೆಲವನ್ನು ನಾವು ಹತ್ತು ಜನರೆದುರು ಹೇಳಿಕೊಳ್ಳುತ್ತೇವೆ, ಕೆಲವನ್ನು ಮನೆಯವರಿಗೂ ತಿಳಿಸದೆ ಮುಚ್ಚಿಡುತ್ತೇವೆ. ಹೀಗೆ ಮುಚ್ಚಿಡುವ ಬೇನೆಗಳಲ್ಲಿ ಭಗಂದರವು ಮೊದಲನೆಯ ಸಾಲಿಗೆ ಸೇರಿದ್ದು. ಗುದದ್ವಾರದ ಪಕ್ಕದಲ್ಲಿ ಒಂದು ಸಣ್ಣ ಕುರು ಏಳುತ್ತದೆ, ಒಡೆಯುತ್ತದೆ, ಕೀವು ಹರಿದು ನೋವು ಇಳಿಯುತ್ತದೆ. ಗುಣವಾಯಿತೆಂದು ರೋಗಿಯು ಸಮಾಧಾನಪಡುತ್ತಾನೆ. ಕೆಲವು ವಾರಗಳ ಬಳಿಕ ಅದೇ ಸ್ಥಳದಲ್ಲಿ ಅದೇ ಕುರು ಮತ್ತೆ ಕಾಣಿಸಿಕೊಳ್ಳುತ್ತದೆ. ಇದನ್ನು ಮೂಲವ್ಯಾಧಿಯೆಂದು ತಿಳಿದು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡವರನ್ನು ನಮ್ಮ ಚಿಕಿತ್ಸಾಲಯದಲ್ಲಿ ಬಹಳವಾಗಿ ಕಂಡಿದ್ದೇವೆ.

ಸುಶ್ರುತಾಚಾರ್ಯರು ಭಗಂದರವನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿದ್ದಾರೆ. ಅದರ ನಿದಾನಕ್ಕೆ ಒಂದು ಅಧ್ಯಾಯವನ್ನೂ, ಚಿಕಿತ್ಸೆಗೆ ಮತ್ತೊಂದು ಅಧ್ಯಾಯವನ್ನೂ ಮೀಸಲಿಟ್ಟು ಐದು ಬಗೆಗಳನ್ನು ವಿವರಿಸಿದ್ದಾರೆ. ಶಸ್ತ್ರಚಿಕಿತ್ಸೆಯನ್ನು ಅವರು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರು ಭಾಗಗಳನ್ನಾಗಿ ಮಾಡಿದರು. ಮೊದಲೆರಡು ವೈದ್ಯನ ಕೈಯಲ್ಲಿರುವಂಥವು. ಮೂರನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಣೆ ರೋಗಿಯದು, ಅವನ ಮನೆಯವರದು. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಆ ಮೂರನೆಯ ಭಾಗವನ್ನು ಕುರಿತು.

ರೋಗದ ಸ್ವರೂಪ

ಗುದನಾಳದ ಒಳಗೋಡೆಯಲ್ಲಿ ಸೂಕ್ಷ್ಮವಾದ ಗ್ರಂಥಿಗಳಿವೆ. ಅವುಗಳಲ್ಲೊಂದರ ಬಾಯಿ ಕಟ್ಟಿಕೊಂಡು ಸೋಂಕು ತಗಲಿದರೆ ಕೀವು ತುಂಬುತ್ತದೆ. ಆ ಕೀವು ಮಾಂಸದ ನಡುವೆ ದಾರಿ ಮಾಡಿಕೊಂಡು ಹೊರಚರ್ಮಕ್ಕೆ ಬಂದು ಒಡೆಯುತ್ತದೆ. ಹೀಗೆ ಒಳಗೊಂದು ಬಾಯಿ, ಹೊರಗೊಂದು ಬಾಯಿ, ನಡುವೆ ಒಂದು ನಳಿಗೆ ಉಂಟಾಗುತ್ತದೆ. ನಮಗೆ ಕಾಣುವುದು ಹೊರಬಾಯಿ ಮಾತ್ರ. ರೋಗದ ಬೇರು ಇರುವುದು ಒಳಬಾಯಿಯಲ್ಲಿ. ಮಲದ ಅಂಶವು ಒಳಬಾಯಿಯಿಂದ ನಳಿಗೆಯನ್ನು ಸೇರುತ್ತಲೇ ಇರುವುದರಿಂದ ಹೊರಗಿನ ಗಾಯಕ್ಕೆ ಎಷ್ಟು ಔಷಧ ಹಚ್ಚಿದರೂ ಅದು ಮಾಯುವುದಿಲ್ಲ.

ನಳಿಗೆಯು ಚರ್ಮದ ಸಮೀಪದಲ್ಲೇ ಇದ್ದರೆ ಅದನ್ನು ಸೀಳಿ ತೆರೆದು ಬುಡದಿಂದ ಮಾಯುವಂತೆ ಬಿಡುವುದು ಹಳೆಯ ಹಾಗೂ ನೆಚ್ಚಿನ ಕ್ರಮ. ಫ್ರಾನ್ಸಿನ ದೊರೆ 14ನೆಯ ಲೂಯಿಗೆ 1686ರಲ್ಲಿ ಇದೇ ರೋಗಕ್ಕಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಅರಮನೆಯ ವೈಭವದಲ್ಲಿದ್ದವನನ್ನೂ ಈ ವ್ಯಾಧಿ ಬಿಡಲಿಲ್ಲ. ಆದರೆ ನಳಿಗೆಯು ಮಲವನ್ನು ತಡೆಹಿಡಿಯುವ ಸ್ನಾಯುವಿನ ಮೂಲಕ ಹಾದುಹೋಗಿದ್ದರೆ ಸೀಳುವುದು ಅಪಾಯಕರ. ಆ ಸ್ನಾಯು ಹೆಚ್ಚು ತುಂಡಾದರೆ ಮಲದ ಮೇಲಣ ಹಿಡಿತವೇ ತಪ್ಪಬಹುದು. ಆದ್ದರಿಂದ ಸ್ನಾಯುವನ್ನು ಉಳಿಸಿಕೊಂಡು ನಳಿಗೆಯನ್ನು ಮುಚ್ಚುವ ಹಲವು ವಿಧಾನಗಳು ಬಂದವು. ಅವುಗಳಲ್ಲೊಂದು ಫಿಸ್ಟುಲಾ ಪ್ಲಗ್. ಪ್ಲಗ್ ಎಂದರೆ ಬಿರಡೆ.

ಪ್ಲಗ್ ಎಂದರೇನು?

ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರವಾಗಿರುವ ಮೃದುವಾದ ಕಡ್ಡಿಯಂತಹ ವಸ್ತು ಇದು. ನಳಿಗೆಯನ್ನು ತೊಳೆದು ಸ್ವಚ್ಛಗೊಳಿಸಿ, ಒಳಬಾಯಿಯ ಕಡೆಯಿಂದ ಇದನ್ನು ಎಳೆದು ಕೂರಿಸಿ, ಒಳಬಾಯಿಯಲ್ಲಿ ಹೊಲಿಗೆ ಹಾಕುತ್ತಾರೆ. ಹೊರಬಾಯಿಯನ್ನು ಮಾತ್ರ ತೆರೆದೇ ಬಿಡುತ್ತಾರೆ. ಕ್ರಮೇಣ ರೋಗಿಯ ಸ್ವಂತ ಅಂಗಾಂಶವು ಈ ಬಿರಡೆಯೊಳಗೆ ಬೆಳೆದು ನಳಿಗೆಯನ್ನು ತುಂಬುತ್ತದೆ, ಬಿರಡೆಯು ಕರಗಿಹೋಗುತ್ತದೆ. ಗೋಡೆ ಕಟ್ಟುವಾಗ ಊರಿದ ಸಾರುವೆಯಂತೆ ಇದರ ಕೆಲಸ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಹೆಚ್ಚು ಬಳಕೆಗೆ ಬಂದ ಪ್ಲಗ್ಗನ್ನು ಹಂದಿಯ ಸಣ್ಣಕರುಳಿನ ಪದರದಿಂದ, ಜೀವಕೋಶಗಳನ್ನೆಲ್ಲ ತೆಗೆದು, ತಯಾರಿಸುತ್ತಾರೆ. ಕೃತಕ ವಸ್ತುವಿನಿಂದ ತಯಾರಾದ, ತಾನಾಗಿ ಕರಗುವ ಪ್ಲಗ್ಗುಗಳೂ ಇವೆ. ಶ್ರೀಮಠದ ಭಕ್ತರಲ್ಲಿ ಬಹುಮಂದಿ ಶಾಖಾಹಾರಿಗಳು. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮುನ್ನ ಪ್ಲಗ್ ಯಾವುದರಿಂದ ಮಾಡಿದ್ದೆಂದು ಕೇಳುವುದು ರೋಗಿಯ ಹಕ್ಕು, ಹೇಳುವುದು ವೈದ್ಯನ ಕರ್ತವ್ಯ. ಆದರೆ ಪ್ಲಗ್ ಹಾಕಿಸಿಕೊಂಡ ಮೇಲೆ ವಿಷಯ ತಿಳಿದು ಮನಸ್ಸನ್ನು ಕೊರಗಿಸಿಕೊಳ್ಳುವುದಾಗಲಿ, ಅದನ್ನು ಕೀಳಿಸಬೇಕೆಂದು ಹಟ ಹಿಡಿಯುವುದಾಗಲಿ ಬೇಡ. ಅದು ಔಷಧವಾಗಿ ಬಂದದ್ದು, ಆಹಾರವಾಗಿ ಅಲ್ಲ.

ಒಬ್ಬ ಶಿಕ್ಷಕರ ಪ್ರಸಂಗ

ಕೆಲವು ವರ್ಷಗಳ ಹಿಂದೆ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ನಮ್ಮಲ್ಲಿಗೆ ಬಂದರು. ನಗರದ ಆಸ್ಪತ್ರೆಯೊಂದರಲ್ಲಿ ಅವರಿಗೆ ಪ್ಲಗ್ ಹಾಕಿ ಹತ್ತು ದಿನಗಳಾಗಿದ್ದವು. ಹೊರಬಾಯಿಯಿಂದ ತಿಳಿಗೆಂಪು ನೀರು ಒಸರುತ್ತಿತ್ತು. "ಡಾಕ್ಟರೇ, ಇದು ಇನ್ನೂ ಒಣಗಿಲ್ಲ. ಒಣಗಿಸುವ ಔಷಧ ಕೊಡಿರಿ. ಧೋತರ ಒದ್ದೆಯಾಗುತ್ತದೆ, ಮಕ್ಕಳ ಮುಂದೆ ನಿಲ್ಲಲು ನಾಚಿಕೆ" ಎಂದರು. ಒಸರುವುದು ಸಹಜವೆಂದೂ, ಹತ್ತಿಯ ಪ್ಯಾಡ್ ಇಟ್ಟುಕೊಂಡು ತಾಳಬೇಕೆಂದೂ ನಾವು ತಿಳಿಸಿದೆವು. ಏಕೆ ಸಹಜವೆಂಬುದನ್ನು ಬಿಡಿಸಿ ಹೇಳಲಿಲ್ಲ. ಅಂದು ರೋಗಿಗಳ ಗದ್ದಲವಿತ್ತು ಎಂಬುದು ನೆಪವಾಗಲಾರದು.

ಅವರು ಊರಿಗೆ ಮರಳಿ, ಯಾರದೋ ಮಾತು ಕೇಳಿ, ಹೊರಬಾಯಿಗೆ ಅರಿಸಿನದ ಪುಡಿಯನ್ನು ತುಂಬಿ ಒತ್ತಿಕಟ್ಟಿದರು. ಮೂರು ದಿನಗಳಲ್ಲಿ ಬಾಯಿ ಕಟ್ಟಿತು, ಬಟ್ಟೆ ಒಣಗಿತು, ಅವರಿಗೆ ಸಂತೋಷವಾಯಿತು. ಆರನೆಯ ದಿನ ಚಳಿಜ್ವರ ಬಂದು, ಕುಳಿತುಕೊಳ್ಳಲಾರದಷ್ಟು ಬಾವು ಏರಿತು. ಮತ್ತೆ ಆಸ್ಪತ್ರೆಗೆ ಸೇರಿಸಿ ಕೀವು ತೆಗೆಯಬೇಕಾಯಿತು, ಪ್ಲಗ್ ಉಳಿಯಲಿಲ್ಲ. ಕೊನೆಗೆ ಬೇರೊಂದು ಕ್ರಮದಿಂದ ಅವರು ಗುಣಹೊಂದಿದರು, ಆದರೆ ಒಂದು ವರ್ಷ ಕಳೆಯಿತು. ಅಂದಿನಿಂದ ನಾವು ಪ್ರತಿಯೊಬ್ಬ ಭಗಂದರ ರೋಗಿಗೂ ಕಾಗದದ ಮೇಲೆ ಚಿತ್ರ ಬರೆದು ವಿವರಿಸದೆ ಕಳುಹಿಸುವುದಿಲ್ಲ.

ವ್ರಣಚಿಕಿತ್ಸೆಯಲ್ಲಿ ಆಯುರ್ವೇದದ ಕ್ರಮವು ಮೊದಲು ಶೋಧನ, ಅನಂತರ ರೋಪಣ. ಅಂದರೆ ಮೊದಲು ಗಾಯವು ಶುದ್ಧವಾಗಬೇಕು, ಬಳಿಕ ಮಾಯಬೇಕು. ಗಾಯವು ಒಳಗಿನಿಂದ ಹೊರಕ್ಕೆ ಮಾಯಬೇಕೇ ಹೊರತು ಹೊರಗಿನಿಂದ ಒಳಕ್ಕಲ್ಲ. ಒಳಗಿನ ಕೊಳೆ ಹೊರಬರುವ ಬಾಗಿಲೇ ಹೊರಬಾಯಿ. ಅದನ್ನು ನಾವಾಗಿ ಮುಚ್ಚಿದರೆ ಕೊಳೆಯು ಒಳಗೇ ಉಳಿಯುತ್ತದೆ. ಪ್ಲಗ್ ಹಾಕಿದ ಬಳಿಕ ಹಲವು ವಾರಗಳವರೆಗೆ, ಕೆಲವರಲ್ಲಿ ಮೂರು ತಿಂಗಳವರೆಗೂ, ಸ್ವಲ್ಪ ಸ್ವಲ್ಪ ಸ್ರಾವ ಬರಬಹುದು. ಅದು ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಭಯಪಡಬೇಕಾಗಿಲ್ಲ.

ಪಾಲಿಸಬೇಕಾದ ನಿಯಮಗಳು

1. ವಿಶ್ರಾಂತಿ: ಮೊದಲ ಎರಡು ವಾರಗಳು ಅತಿ ಮುಖ್ಯ. ಪ್ಲಗ್ ಜಾರಿ ಹೊರಬೀಳುವ ಸಂಭವವು ಆರಂಭದ ದಿನಗಳಲ್ಲಿ ಹೆಚ್ಚು. ಹಾಸಿಗೆಯಲ್ಲೇ ಮಲಗಿರಬೇಕೆಂದಿಲ್ಲ, ಮನೆಯೊಳಗೆ, ಅಂಗಳದಲ್ಲಿ ನಿಧಾನವಾಗಿ ನಡೆದಾಡಬೇಕು. ಆದರೆ ತುಂಬಿದ ಕೊಡ ಎತ್ತುವುದು, ಚೀಲ ಹೊರುವುದು, ಹೊಲದ ಕೆಲಸ, ವ್ಯಾಯಾಮ, ದ್ವಿಚಕ್ರ ವಾಹನ, ಟ್ರ್ಯಾಕ್ಟರ್ ಇವೆಲ್ಲ ಕೂಡದು. ದಾಂಪತ್ಯ ಸಂಬಂಧವೂ ಈ ಅವಧಿಯಲ್ಲಿ ಬೇಡ. ಎರಡು ವಾರಗಳ ಬಳಿಕವೂ ಶಸ್ತ್ರವೈದ್ಯರು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ದುಡಿಮೆಗೆ ಇಳಿಯಬೇಕು.

2. ಕುಳಿತುಕೊಳ್ಳುವ ರೀತಿ: ಪೂಜೆಗೆ, ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದೇ ಎಂದು ಅನೇಕರು ಕೇಳುತ್ತಾರೆ. ಆರಂಭದಲ್ಲಿ ಗಟ್ಟಿನೆಲದ ಮೇಲೆ ಬಹಳ ಹೊತ್ತು ಕೂರಬಾರದು. ಮೆತ್ತನೆಯ ಆಸನದ ಮೇಲೆ ಸ್ವಲ್ಪ ಹೊತ್ತು ಕುಳಿತು, ನೋವು ಕಂಡರೆ ಏಳಬೇಕು. ಮಲಗುವಾಗ ಮಗ್ಗುಲಾಗಿ ಮಲಗುವುದು ಹಿತಕರ.

3. ಮಲವಿಸರ್ಜನೆ: ಗಟ್ಟಿಮಲ ಹಾಗೂ ಮುಕ್ಕುವಿಕೆ ಇವೆರಡೂ ಪ್ಲಗ್ಗಿನ ಶತ್ರುಗಳು. ಪದೇ ಪದೇ ಆಗುವ ಭೇದಿಯೂ ಅಷ್ಟೇ ಕೆಟ್ಟದ್ದು. ನೋವಿನ ಭಯದಿಂದ ಮಲವನ್ನು ತಡೆದರೆ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ವೇಗ ಬಂದಾಗ ತಡೆಯಬಾರದು. ಐದು ನಿಮಿಷಗಳಿಗಿಂತ ಹೆಚ್ಚು ಕೂರಬಾರದು. ಕೆಲವು ನೋವಿನ ಮಾತ್ರೆಗಳಿಂದಲೂ ಮಲ ಕಟ್ಟುತ್ತದೆ. ಹಾಗಾದರೆ ವೈದ್ಯರಿಗೆ ತಿಳಿಸಬೇಕು. ಇಸಬ್ಗೋಲ್ ಸೇವಿಸುವವರು ನೀರನ್ನು ಹೆಚ್ಚಾಗಿ ಕುಡಿಯಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ. ತ್ರಿಫಲಾ ಚೂರ್ಣವು ಮಲವನ್ನು ಸಡಿಲಿಸುವುದು ನಿಜ. ಆದರೆ ಪ್ರಮಾಣ ಮೀರಿದರೆ ಭೇದಿಯಾಗುತ್ತದೆ. ಆದ್ದರಿಂದ ಶಸ್ತ್ರವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು.

4. ಆಹಾರ: ಮೊದಲ ಕೆಲವು ದಿನ ಮೆತ್ತಗಿನ ಅನ್ನ, ಹೆಸರುಬೇಳೆಯ ಕಟ್ಟು, ಮಜ್ಜಿಗೆ. ಅನಂತರ ಸೋರೆಕಾಯಿ, ಹೀರೇಕಾಯಿ, ಪಡವಲಕಾಯಿ, ಮೆಂತ್ಯದ ಸೊಪ್ಪು, ಬಿಸಿಯಾದ ಮೃದುವಾದ ಜೋಳದ ರೊಟ್ಟಿ, ನೆನೆಸಿದ ಅಂಜೂರ ಹಾಗೂ ಒಣದ್ರಾಕ್ಷಿ. ಖಟಕ್ ರೊಟ್ಟಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಮಿರ್ಚಿ ಭಜಿ, ಮೈದಾದ ತಿನಿಸುಗಳನ್ನು ಕೆಲವು ತಿಂಗಳು ದೂರವಿಡಬೇಕು. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇಲ್ಲದವರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು ಕುಡಿಯಬೇಕು. ತಂಬಾಕು, ಗುಟ್ಕಾ, ಬೀಡಿಗಳು ಗಾಯ ಮಾಯುವುದನ್ನು ತಡೆಯುತ್ತವೆ. ಅವುಗಳನ್ನು ಬಿಡಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೊಂದಿಲ್ಲ.

5. ಶುಚಿತ್ವ: ಮಲವಿಸರ್ಜನೆಯ ಬಳಿಕ ಉಗುರುಬೆಚ್ಚಗಿನ ನೀರನ್ನು ಮೆಲ್ಲನೆ ಸುರಿದು ತೊಳೆದು, ಮೆದುಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ರಭಸದಿಂದ ಚಿಮ್ಮುವ ಜೆಟ್ ನೀರು ಬೇಡ. ಅಗಲವಾದ ಟಬ್ಬಿನಲ್ಲಿ ಬೆಚ್ಚನೆಯ ನೀರು ಹಾಕಿ ಹತ್ತು ನಿಮಿಷ ಕೂರುವುದು ಇತರ ಭಗಂದರ ಶಸ್ತ್ರಚಿಕಿತ್ಸೆಗಳಲ್ಲಿ ಬಹಳ ಹಿತಕರ. ಆದರೆ ಪ್ಲಗ್ ಹಾಕಿದವರು ಇದನ್ನು ಯಾವಾಗಿನಿಂದ ಆರಂಭಿಸಬೇಕೆಂಬುದನ್ನು ತಮ್ಮ ಶಸ್ತ್ರವೈದ್ಯರಿಂದಲೇ ಕೇಳಿ ತಿಳಿಯಬೇಕು.

6. ಮಾಡಬಾರದ ಚಿಕಿತ್ಸೆ: ಇದನ್ನು ಆಯುರ್ವೇದದವರಾದ ನಾವೇ ಹೇಳಬೇಕು. ಪ್ಲಗ್ ಮಾಯುವ ಅವಧಿಯಲ್ಲಿ ಬಸ್ತಿ ಚಿಕಿತ್ಸೆ, ಎನಿಮಾ, ಗುದದ್ವಾರದೊಳಗೆ ಇಡುವ ಗುಳಿಗೆ ಯಾವುದೂ ಕೂಡದು. ಹೊರಬಾಯಿಗೆ ಸುಣ್ಣ, ಭಸ್ಮ, ಅರಿಸಿನ, ಸೊಪ್ಪಿನ ರಸ ತುಂಬಬಾರದು. ಪಂಚಕರ್ಮಕ್ಕೆ ಹೋದವರು ಶಸ್ತ್ರಚಿಕಿತ್ಸೆಯ ವಿಷಯವನ್ನು ಮೊದಲೇ ತಿಳಿಸಬೇಕು.

ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಚಳಿಜ್ವರ, ಇಳಿಯುತ್ತಿದ್ದ ನೋವು ಮತ್ತೆ ಏರುವುದು, ಹೊಸ ಬಾವು, ಕೆಂಪು, ದುರ್ಗಂಧದ ದಪ್ಪ ಕೀವು, ನಿಲ್ಲದ ರಕ್ತಸ್ರಾವ, ಮೂತ್ರ ಕಟ್ಟುವುದು, ಮಲ ಅಥವಾ ವಾಯುವಿನ ಹಿಡಿತ ತಪ್ಪುವುದು. ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಕಾಯಬಾರದು. ಬಿಳಿಯ ದಾರ ಅಥವಾ ಕಡ್ಡಿಯಂತಹ ವಸ್ತು ಹೊರಬಂದರೆ ಅದು ಪ್ಲಗ್ ಇರಬಹುದು. ಅದನ್ನು ಎಳೆಯಬಾರದು, ಒಳಗೆ ತಳ್ಳಲೂಬಾರದು. ಆಸ್ಪತ್ರೆಗೆ ಹೋಗಿ ತೋರಿಸಬೇಕು. ಮಧುಮೇಹವಿರುವವರು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿ ಇಡದಿದ್ದರೆ ಯಾವ ಶಸ್ತ್ರಚಿಕಿತ್ಸೆಯೂ ಫಲಿಸುವುದು ಕಷ್ಟ.

ಫಲಿಸದಿದ್ದರೆ?

ಎಲ್ಲ ನಿಯಮಗಳನ್ನು ಪಾಲಿಸಿದರೂ ಪ್ಲಗ್ ಎಲ್ಲರಿಗೂ ಫಲಿಸುವುದಿಲ್ಲ. ಫಲಿಸದವರ ಸಂಖ್ಯೆ ಕಡಿಮೆಯೇನಲ್ಲ. ಹಾಗಾದಾಗ ರೋಗಿಯು ತನ್ನನ್ನು ತಾನು ಹಳಿದುಕೊಳ್ಳಬಾರದು. ಪ್ಲಗ್ಗಿನ ಒಂದು ಒಳಿತೆಂದರೆ ಅದು ಸ್ನಾಯುವನ್ನು ಕತ್ತರಿಸಿರುವುದಿಲ್ಲ. ಆದ್ದರಿಂದ ಮುಂದಿನ ದಾರಿಗಳು ತೆರೆದೇ ಇರುತ್ತವೆ. ಎಂ.ಆರ್.ಐ. ಮಾಡಿಸಿದರೆ ಅಡಗಿರುವ ಕವಲು ನಳಿಗೆಗಳು ಗೋಚರಿಸುತ್ತವೆ. ಪದೇ ಪದೇ ಮರುಕಳಿಸುತ್ತಿದ್ದರೆ ಕ್ಷಯ ಹಾಗೂ ಕರುಳಿನ ಕ್ರೋನ್ಸ್ ರೋಗ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ನಮ್ಮ ಕ್ಷಾರಸೂತ್ರವೂ ಒಂದು ದಾರಿ. ಸುಶ್ರುತರು ಹೇಳಿದ ಈ ಕ್ರಮವನ್ನು ಕಳೆದ ಶತಮಾನದಲ್ಲಿ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಪಿ. ಜೆ. ದೇಶಪಾಂಡೆಯವರು ಪುನರುಜ್ಜೀವನಗೊಳಿಸಿದರು. ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನಗಳಿಂದ 21 ಬಾರಿ ಲೇಪಿಸಿದ ದಾರವನ್ನು ನಳಿಗೆಯೊಳಗೆ ಕಟ್ಟಿ ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1991ರ ಅಧ್ಯಯನದಲ್ಲಿ ಕ್ಷಾರಸೂತ್ರದಿಂದ ಗುಣವಾಗಲು ಸಾಮಾನ್ಯ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ವಾರಗಳು ಹಿಡಿದವು. ಆದರೆ ರೋಗ ಮರುಕಳಿಸಿದ್ದು ಕಡಿಮೆ. ತಾಳಿದವರಿಗೆ ಹೆಚ್ಚು ಲಾಭವಾಯಿತೆಂದೇ ಇದರ ತಾತ್ಪರ್ಯ. ಆದರೂ ಸ್ನಾಯುವಿನ ಬಹುಭಾಗವನ್ನು ಒಳಗೊಂಡ ಕ್ಲಿಷ್ಟ ಭಗಂದರಕ್ಕೆ ಯಾವ ಕ್ರಮ ಸೂಕ್ತವೆಂಬುದನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು. "ಶರ್ತಿಯಾ ಇಲಾಜು" ಎಂದು ಬೋರ್ಡು ಹಾಕಿಕೊಂಡವರ ಇಂಜೆಕ್ಷನ್ನಿಗೆ ಯಾರೂ ಮೋಸಹೋಗಬಾರದು.

ಮನೆಯವರಲ್ಲಿ ವಿನಂತಿ

ಈ ರೋಗಿಯು ಹೊರಗೆ ಆರೋಗ್ಯವಂತನಂತೆಯೇ ಕಾಣುತ್ತಾನೆ. ಕೈಗೆ ಕಟ್ಟಿಲ್ಲ, ಹಣೆಗೆ ಪಟ್ಟಿಯಿಲ್ಲ. ಹೀಗಾಗಿ "ಇನ್ನೂ ಎಷ್ಟು ದಿನ ಮಲಗುವಿ?" ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಆ ಒಂದು ಮಾತಿಗೆ ನೊಂದು ಹನ್ನೆರಡನೆಯ ದಿನಕ್ಕೇ ಹೊಲಕ್ಕೆ ಹೋಗಿ ಚೀಲ ಹೊತ್ತವರಿದ್ದಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ; ಅವರು ವೈದ್ಯರಿಗೆ ತೋರಿಸಲೂ ಸಂಕೋಚಪಡುತ್ತಾರೆ, ಮನೆಗೆ ಮರಳಿದ ದಿನವೇ ನೀರಿನ ಕೊಡ ಎತ್ತುತ್ತಾರೆ. ಅತ್ತೆಯಾದವರು, ಪತಿಯಾದವರು ಆ ಕೊಡವನ್ನು ಎರಡು ವಾರ ತಾವು ಎತ್ತಿದರೆ, ಅದು ಯಾವ ಔಷಧಕ್ಕೂ ಕಡಿಮೆಯಾದ ಉಪಕಾರವಲ್ಲ.

ಬಟ್ಟೆ ಒಣಗಿದ ಮಾತ್ರಕ್ಕೆ ರೋಗ ಹೋಯಿತೆಂದು ತಿಳಿಯದೆ, ವೈದ್ಯರು ಹೇಳಿದ ದಿನಗಳಂದು ಮರುಪರೀಕ್ಷೆಗೆ ಹೋಗಬೇಕು. ನಾಚಿಕೆಯನ್ನು ಬಿಟ್ಟು ಇದ್ದುದನ್ನು ಇದ್ದಂತೆ ಹೇಳಿದ ರೋಗಿಯೇ ಈ ವ್ಯಾಧಿಯಿಂದ ಬೇಗ ಬಿಡುಗಡೆ ಹೊಂದುತ್ತಾನೆಂಬುದು ನಮ್ಮ ಇಷ್ಟು ವರ್ಷಗಳ ವೃತ್ತಿಯ ಅನುಭವ. ಎಲ್ಲರಿಗೂ ಆರೋಗ್ಯಭಾಗ್ಯ ದೊರೆಯಲೆಂದು ಹಾರೈಸುತ್ತೇವೆ.