ಅರವಟಿಗೆಯ ನೀರು, ಶೇಂಗಾ ಚಟ್ನಿಯ ಉಪ್ಪು

ನಾಲ್ಕನೆಯ ದಿನ ಮಧ್ಯಾಹ್ನ ಬೆರಳಿನ ಉಂಗುರ ಬಿಗಿಯತೊಡಗಿತು. ಬೆಳಿಗ್ಗೆ ಮುಖ ತೊಳೆಯುವಾಗ ಸಲೀಸಾಗಿ ತಿರುಗುತ್ತಿದ್ದ ಉಂಗುರ. ಬಿಸಿಲಿಗೆ ಕೈ ಊದಿರಬೇಕು ಎಂದುಕೊಂಡು ಮುಂದಿನ ಅರವಟಿಗೆಯಲ್ಲಿ ಮತ್ತೆರಡು ಲೋಟ ನೀರು ಕುಡಿದೆ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಇದು 2022ರ ಮಾತು. ಆ ವರ್ಷ ಯುಗಾದಿ ಏಪ್ರಿಲ್ 2ಕ್ಕೆ ಬಂದಿತ್ತು. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕೆಂದು ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಮಲ್ಲಯ್ಯನ ಕಂಬಿ ಹೊತ್ತು ಹಿಂಡು ಹಿಂಡಾಗಿ ನಡೆದು ಹೋಗುವುದು ನಿಮಗೆ ಗೊತ್ತಿರಬಹುದು. ನಾನು ಗುಳೇದಗುಡ್ಡದ ಕಡೆಯವನು, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆಗ ವಯಸ್ಸು ಐವತ್ತೆರಡು. ಅಪ್ಪ ಏಳು ಸಲ ನಡೆದಿದ್ದರು, ನಾನು ಒಮ್ಮೆಯೂ ನಡೆದಿರಲಿಲ್ಲ. ದಿನಕ್ಕೆ 35 ಕಿಲೋಮೀಟರ್, ಹನ್ನೊಂದು ದಿನದ ಹಾದಿ. ಆರು ತಿಂಗಳಿಂದ ಬೆಳಿಗ್ಗೆ ಎದ್ದು ನಡೆದು ಕಾಲು ಪಳಗಿಸಿಕೊಂಡಿದ್ದೆ. ಕಾಲಿನ ಚಿಂತೆ ಇರಲಿಲ್ಲ. ಇದ್ದ ಒಂದೇ ಚಿಂತೆ ಬಿಸಿಲು.

ಆ ಚಿಂತೆಯೇ ಮುಳುವಾಯಿತು. ಹೊರಡುವ ಮುಂಚೆ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: ನೀರು ಕುಡೀರಿ, ದಾಹ ಆಗೋ ಮುಂಚೇನೇ ಕುಡೀರಿ. ಹಾದಿಯಲ್ಲಿ ನೀರಿಗೆ ಬರವೂ ಇಲ್ಲ. ಪಾದಯಾತ್ರಿಗಳ ಸೇವೆಗೆ ಊರೂರಿನವರು ಪೆಂಡಾಲು ಹಾಕಿ ನೀರು, ಪಾನಕ, ಕಲ್ಲಂಗಡಿ, ಕಬ್ಬಿನ ಹಾಲು ಇಟ್ಟುಕೊಂಡು ಕಾಯುತ್ತಾರೆ. ‘ಬರ್ರಿ ಮಲ್ಲಯ್ಯ’ ಎಂದು ಕೈ ಹಿಡಿದು ಕೂರಿಸುತ್ತಾರೆ. ಬೇಡ ಎಂದರೆ ಅವರ ಮುಖ ಸಣ್ಣದಾಗುತ್ತದೆ. ನಾನಂತೂ ಒಂದು ಅರವಟಿಗೆಯನ್ನೂ ಬಿಡದೆ ಕುಡಿದೆ.

ನಮ್ಮ ಗುಂಪಿನಲ್ಲಿ ಕಂಬಿ ಹೊರುತ್ತಿದ್ದ ಕಾಕಾ ಒಬ್ಬರಿದ್ದರು, ಅರವತ್ತೆಂಟು ವರ್ಷ, ಇಪ್ಪತ್ತಕ್ಕೂ ಹೆಚ್ಚು ಸಲ ನಡೆದವರು. ಅವರು ಮೂರು ಅರವಟಿಗೆ ದಾಟಿ ನಾಲ್ಕನೆಯದಕ್ಕೆ ನಿಲ್ಲುವವರು. ಎರಡನೆಯ ದಿನವೇ ನನಗೆ ಹೇಳಿದ್ದರು: “ಮಾಸ್ತರ, ಮಂದಿ ಕೊಟ್ರಂತ ಕುಡೀಬ್ಯಾಡ್ರಿ. ಬಾಯಿ ಒಣಗಿದ್ರ ಕುಡೀರಿ.” ಹಳ್ಳಿ ಮುದುಕನ ಮಾತು ಎಂದು ನಕ್ಕೆ. ಇಪ್ಪತ್ತಾರು ವರ್ಷ ದ್ರಾವಣದ ಸಾರತೆ, ಅಭಿಸರಣೆ ಎಂದು ಬೋರ್ಡು ತುಂಬಿಸಿದವನು ನಾನು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮೂರನೆಯ ದಿನದಿಂದ ಉಪ್ಪು ಬೇಕು, ಉಪ್ಪು ಬೇಕು ಎಂದು ನಾಲಿಗೆ ಹಟ ಹಿಡಿದಿತ್ತು. ಪಕ್ಕದವರ ಬುತ್ತಿಯಲ್ಲಿನ ಶೇಂಗಾ ಚಟ್ನಿ ನೋಡಿದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಬಿಪಿ ಇದೆ. ಮನೆಯಾಕೆ ಬುತ್ತಿ ಕಟ್ಟುವಾಗಲೇ ಚಟ್ನಿಗೆ ಉಪ್ಪು ಕಡಿಮೆ ಹಾಕಿದ್ದಳು, ಜೋಳದ ರೊಟ್ಟಿಯಲ್ಲಂತೂ ಉಪ್ಪೇ ಇರುವುದಿಲ್ಲ. ನಾನು ಹಲ್ಲು ಕಚ್ಚಿ ತಡೆದುಕೊಂಡೆ. ನಾಲಿಗೆ ಗೆದ್ದೆ ಎಂಬ ಹೆಮ್ಮೆ ಬೇರೆ.

ಉಂಗುರ ಬಿಗಿದ ದಿನ ಸಂಜೆ, ರಾಯಚೂರು ಇನ್ನೂ ದೂರವಿರುವಾಗ, ತಲೆ ಸಿಡಿಯತೊಡಗಿತು. ಹೊಟ್ಟೆ ತೊಳಸಿ ವಾಂತಿಯಾಯಿತು. ಬಂದದ್ದು ಬರಿಯ ನೀರು. ಸೇವೆಗೆ ನಿಂತಿದ್ದ ಹುಡುಗನೊಬ್ಬ ‘ಬಿಸಿಲು ಬಡದೈತ್ರಿ’ ಎಂದು ಇನ್ನೊಂದು ಬಾಟಲಿ ನೀರು ಕುಡಿಸಿದ. ಅವನದು ತಪ್ಪಲ್ಲ, ಹತ್ತರಲ್ಲಿ ಒಂಬತ್ತು ಜನ ಅದನ್ನೇ ಮಾಡುತ್ತಿದ್ದರು. ಆಮೇಲೆ ಕಾಕಾ ಅವರನ್ನು ನಾನು ನನ್ನ ತೀರಿಹೋದ ಅಣ್ಣನ ಹೆಸರಿನಿಂದ ಕರೆದೆನಂತೆ. ನನಗೆ ನೆನಪಿಲ್ಲ. ಅದನ್ನು ಕೇಳಿದ್ದೇ ಕಾಕಾ ಸಾಮಾನಿನ ಗಾಡಿಯಲ್ಲಿ ನನ್ನನ್ನು ಮಲಗಿಸಿ ಆಸ್ಪತ್ರೆಗೆ ಒಯ್ದರು.

ಅಲ್ಲಿದ್ದ ಡಾಕ್ಟರಮ್ಮ ನನ್ನ ವಿದ್ಯಾರ್ಥಿನಿಯರ ವಯಸ್ಸಿನವರು. ಮೊದಲು ಕೇಳಿದ ಪ್ರಶ್ನೆ, ಇವತ್ತು ಎಷ್ಟು ನೀರು ಕುಡಿದಿರಿ? ಲೆಕ್ಕ ಹಾಕಿದರೆ ಹನ್ನೊಂದು ಲೀಟರು ದಾಟುತ್ತಿತ್ತು. ಎರಡನೆಯದು, ತೂಕ ಎಷ್ಟು? ಮನೆ ಬಿಡುವಾಗ 71 ಕಿಲೋ. ಅಲ್ಲಿ ನಿಲ್ಲಿಸಿ ನೋಡಿದರೆ 73.5. ನಾಲ್ಕು ದಿನ ಬಿಸಿಲಲ್ಲಿ ನಡೆದವನು ಎರಡೂವರೆ ಕಿಲೋ ಏರಿದ್ದ! ಮೂರನೆಯದು, ಯಾವ ಮಾತ್ರೆ ತಗೋತೀರಿ? ಜೇಬಿನಲ್ಲಿದ್ದ ಬಿಪಿ ಮಾತ್ರೆಯ ಹಾಳೆ ತಿರುಗಿಸಿ ಓದಿದರು. ಅದರಲ್ಲಿ ಹೈಡ್ರೋಕ್ಲೋರೋಥಯಜೈಡ್ ಸೇರಿತ್ತು. ಮೂತ್ರದ ಮೂಲಕ ಉಪ್ಪನ್ನು ಹೊರಹಾಕಿಸುವ ಮದ್ದು ಅದು. ರಕ್ತದ ವರದಿ ಬಂತು: ಸೋಡಿಯಂ 124. ಇರಬೇಕಾದದ್ದು ಲೀಟರಿಗೆ 135ರಿಂದ 145 ಮಿಲಿಮೋಲ್.

ಮಿಲಿಮೋಲ್ ಎಂಬ ಪದ ಕಿವಿಗೆ ಬಿದ್ದಾಗ ಆ ಮಂಪರಿನಲ್ಲೂ ನಾಚಿಕೆಯಾಯಿತು. ಪಾಠ ಮಾಡುವಾಗ ದ್ರಾವಣಕ್ಕೆ ನೀರು ಸುರಿದು ‘ನೋಡ್ರಿ, ತೆಳುವಾಯಿತು’ ಎಂದು ತೋರಿಸುತ್ತಿದ್ದವನು ನನ್ನ ರಕ್ತವನ್ನೇ ತೆಳು ಮಾಡಿಕೊಂಡಿದ್ದೆ. ರಕ್ತದಲ್ಲಿ ಸೋಡಿಯಂ ಇಳಿದರೆ ಅಭಿಸರಣೆಯಿಂದ ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಮಿಕ್ಕ ಅಂಗಗಳು ಊದಿದರೆ ಜಾಗವಿದೆ, ಮಿದುಳಿಗೆ ತಲೆಬುರುಡೆಯ ಗೋಡೆ ಅಡ್ಡ. ತಲೆಸಿಡಿತ, ವಾಂತಿ, ಹೆಸರು ಮರೆಯುವುದು, ಎಲ್ಲ ಅಲ್ಲಿಂದಲೇ. ಇನ್ನೂ ಇಳಿದರೆ ಫಿಟ್ಸ್ ಬರುತ್ತದೆ, ಜೀವವೂ ಹೋಗುತ್ತದೆ. ಹೆಚ್ಚಿನ ನೀರನ್ನು ಮೂತ್ರಪಿಂಡ ಹೊರಹಾಕಬಾರದೇ ಎಂದರೆ, ಗಂಟೆಗಟ್ಟಲೆ ದಣಿದ ದೇಹದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನು ಜೋರಾಗಿರುತ್ತದಂತೆ. ಮೇಲಿಂದ ನನ್ನ ಮಾತ್ರೆ ಬೇರೆ.

ಅವರು ನನಗೆ ನೀರು ನಿಲ್ಲಿಸಿದರು. ಶೇಕಡಾ 3ರ ಗಟ್ಟಿ ಉಪ್ಪುದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ನೋಡಿದರು. ಸೋಡಿಯಂ ಅವಸರದಿಂದ ಏರಿದರೂ ಮಿದುಳಿಗೆ ಪೆಟ್ಟು ಬೀಳುತ್ತದೆಯಂತೆ. ಮೂರನೆಯ ದಿನ ಬಸ್ಸು ಹತ್ತಿ ಮನೆಗೆ ಬಂದೆ. ಆ ವರ್ಷ ಮಲ್ಲಯ್ಯನ ದರ್ಶನ ಆಗಲಿಲ್ಲ.

ಮನೆಯಲ್ಲಿ ಕೂತು ಓದತೊಡಗಿದೆ. ಇದು ನನ್ನೊಬ್ಬನ ಪೆದ್ದುತನವಲ್ಲ ಎಂದು ತಿಳಿದು ಸಮಾಧಾನವಾಯಿತು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುತ್ತ ತೂಕ ಏರಿಸಿಕೊಂಡವರು, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರು ಅವರಲ್ಲಿ ಹೆಚ್ಚು. ವೇಗವಾಗಿ ಓಡುವವನಿಗೆ ಕುಡಿಯಲು ಪುರುಸೊತ್ತಿರುವುದಿಲ್ಲ. ನಿಧಾನಕ್ಕೆ ಸಾಗುವವನಿಗೆ ಪುರುಸೊತ್ತೂ ಉಂಟು, ದಾರಿಯುದ್ದಕ್ಕೂ ನೀರೂ ಉಂಟು. ಪಾದಯಾತ್ರಿಗಿಂತ ನಿಧಾನದವರು ಯಾರಿದ್ದಾರೆ?

ಓದಿದ್ದನ್ನು ಅರೆಬರೆ ಅರಗಿಸಿಕೊಂಡರೆ ಏನಾಗುತ್ತದೆ ಎಂಬುದು ಮುಂದಿನ ಕಥೆ. 2023ರಲ್ಲಿ ಮನೆಯಾಕೆ ಹೋಗಗೊಡಲಿಲ್ಲ. 2024ರಲ್ಲಿ ಹಟ ಮಾಡಿ ಹೊರಟೆ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ, ಬಿಸಿಲು ಇನ್ನೂ ಕೆಟ್ಟದ್ದು. ಮಾತ್ರೆ ಬದಲಾಗಿತ್ತು. ಈ ಸಲ ನನ್ನ ಚೀಲದ ತುಂಬ ಉಪ್ಪು. ಬಾಯಿ ಉಪ್ಪು ಕೇಳಿದಾಗಲೆಲ್ಲ ಕೊಟ್ಟೆ, ಕೇಳದಿದ್ದಾಗಲೂ ಕೊಟ್ಟೆ. ಎರಡು ಪಾಕೀಟು ಓಆರ್‌ಎಸ್ ಅನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದು ಕುಡಿದೆ. ಒಂದು ಪಾಕೀಟಿಗೆ ಒಂದು ಲೀಟರು ನೀರು ಎಂದು ಅದರ ಮೇಲೆಯೇ ಬರೆದಿತ್ತು, ಓದಲು ಬರುತ್ತದೆ ನನಗೆ. ಗಟ್ಟಿ ದ್ರಾವಣ ಕರುಳಿನೊಳಕ್ಕೆ ನೀರನ್ನು ಎಳೆಯಿತು, ಹೊಲದ ಬದು ಹುಡುಕುತ್ತ ಒಂದು ದಿನವೇ ಕಳೆಯಿತು. ಕಾಲು ಊದಿದವು. ದಾರಿಯ ಉಚಿತ ತಪಾಸಣಾ ಶಿಬಿರದಲ್ಲಿ ಬಿಪಿ 168/104. ಆ ಸಲ ದರ್ಶನವೇನೋ ಆಯಿತು, ಸುಖ ಆಗಲಿಲ್ಲ.

ಅದೇ ಯಾತ್ರೆಯ ಒಂದು ರಾತ್ರಿ ಮೀನಖಂಡ ಸೆಟೆದು ಚೀರಿದ್ದೆ. ಕಾಕಾ ಎದ್ದು ಬಂದು ನಿಂಬೆ ಉಪ್ಪಿನಕಾಯಿಯ ರಸ ನೆಕ್ಕಿಸಿದರು. ನಿಮಿಷದಲ್ಲಿ ಬಿಟ್ಟಿತು. ನೋಡಿದಿರಾ, ಉಪ್ಪು ಕಡಿಮೆಯಾಗಿತ್ತು ಎಂದು ನಾನು ಸಾರಿದೆ. ಅದೂ ತಪ್ಪು ಎಂದು ಆಮೇಲೆ ತಿಳಿಯಿತು. 2010ರಲ್ಲಿ ಅಮೆರಿಕದ ಸಂಶೋಧಕರು ಕಾಲ್ಬೆರಳಿನ ಸ್ನಾಯುವನ್ನು ವಿದ್ಯುತ್ತಿನಿಂದ ಸೆಟೆಸಿ, ಸೌತೆ ಉಪ್ಪಿನಕಾಯಿಯ ಹುಳಿರಸ ಕುಡಿಸಿ ನೋಡಿದ್ದರು. ಸರಾಸರಿ ಒಂದೂವರೆ ನಿಮಿಷದೊಳಗೆ ಸೆಳೆತ ಬಿಟ್ಟಿತ್ತು. ಅಷ್ಟರಲ್ಲಿ ಉಪ್ಪು ಹೊಟ್ಟೆ ದಾಟಿ ರಕ್ತ ಸೇರುವುದು ಸಾಧ್ಯವಿಲ್ಲ. ಗಂಟಲಿಗೆ ತಾಗಿದ ಚುರುಕು ರುಚಿಗೆ ನರಗಳು ಸ್ನಾಯುವನ್ನು ಸಡಿಲಿಸುತ್ತವೆ ಎಂಬುದು ಅವರ ಊಹೆ. ಕಾಕಾನ ಮದ್ದು ಸರಿ, ನನ್ನ ವಿವರಣೆ ಸುಳ್ಳು.

ಹಾಗಾದರೆ ನಾಲಿಗೆಯ ಹಂಬಲವನ್ನು ನಂಬಬೇಕೋ ಬೇಡವೋ? ಅಡ್ರಿನಲ್ ಗ್ರಂಥಿ ಕೆಟ್ಟವರು ಉಪ್ಪನ್ನು ಮುಕ್ಕುವುದುಂಟು. 1940ರಲ್ಲಿ ಬಾಲ್ಟಿಮೋರ್‌ನ ವೈದ್ಯರು ದಾಖಲಿಸಿದ ಮೂರೂವರೆ ವರ್ಷದ ಹುಡುಗ ಉಪ್ಪು ತಿಂದೇ ಬದುಕಿದ್ದ, ಆಸ್ಪತ್ರೆಯ ಸಾಮಾನ್ಯ ಊಟಕ್ಕೆ ಕಟ್ಟುಬಿದ್ದ ಮೇಲೆ ತೀರಿಕೊಂಡ. ಆದರೆ ಆರೋಗ್ಯವಂತರ ವಿಷಯದಲ್ಲಿ ನಾಲಿಗೆ ಅಷ್ಟು ಖಚಿತವಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಕ್‌ಕಾನ್ಸ್ ಎಂಬ ವೈದ್ಯ ತಾನೂ ಸೇರಿದಂತೆ ಕೆಲವರಿಗೆ ಉಪ್ಪಿಲ್ಲದ ಊಟ ಕೊಟ್ಟು, ದಿನವೂ ಬೆವರಿಳಿಸಿ, ದೇಹದ ಉಪ್ಪು ಖಾಲಿ ಮಾಡಿ ನೋಡಿದ. ಸುಸ್ತು, ಸ್ನಾಯುಸೆಳೆತದ ಜೊತೆಗೆ ಬಾಯಿಯ ರುಚಿಯೇ ಕೆಟ್ಟಿತ್ತು. ನನ್ನ ಮೊದಲ ಯಾತ್ರೆಯಲ್ಲಿ ನಾಲಿಗೆ ನಿಜ ಹೇಳಿರಬಹುದು. ಎರಡನೆಯದರಲ್ಲಿ ಅದು ಹೇಳಿದ್ದು ಬರೀ ಚಪಲ. ಎರಡರ ರುಚಿಯೂ ಒಂದೇ ಆಗಿತ್ತು ಎಂಬುದೇ ತೊಡಕು.

ಬೆವರಿನ ಉಪ್ಪೂ ಒಬ್ಬೊಬ್ಬರಿಗೆ ಒಂದೊಂದು ತೆರ. ಲೀಟರು ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಆಸುಪಾಸು ಸೋಡಿಯಂ, ಅಂದರೆ ಎರಡೂವರೆ ಗ್ರಾಂ ಉಪ್ಪು. ಕೆಲವರಲ್ಲಿ ಇದರ ಕಾಲುಭಾಗ, ಕೆಲವರಲ್ಲಿ ದುಪ್ಪಟ್ಟು. ಅಂಗಿ ಒಣಗಿದಾಗ ಬೆನ್ನ ಮೇಲೆ ಬಿಳಿ ಗೆರೆ ಕಂಡರೆ ನೀವು ಎರಡನೆಯ ಗುಂಪಿನವರಿರಬಹುದು. ವಾರ ಹತ್ತು ದಿನ ಬಿಸಿಲಿಗೆ ಒಗ್ಗಿದ ಮೇಲೆ ದೇಹವೇ ಜಿಪುಣನಾಗಿ ಬೆವರಿನ ಉಪ್ಪನ್ನು ಕಡಿಮೆ ಮಾಡುತ್ತದೆ. ಮನೆಯಲ್ಲಿ ಕೂತವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಇಡೀ ದಿನ ಬೆವರುವವರಿಗೆ ಸಾಲದು, ಆದರೆ ಹೊತ್ತು ಹೊತ್ತಿಗೆ ಚಟ್ನಿ, ಸಾರು, ಮಜ್ಜಿಗೆ ಉಂಡರೆ ಬಹುಪಾಲು ತುಂಬಿಕೊಳ್ಳುತ್ತದೆ.

ನನ್ನ ಕಣ್ಣು ತೆರೆಸಿದ ಲೆಕ್ಕ ಬೇರೆಯದು. ರಕ್ತದಲ್ಲಿ ಸೋಡಿಯಂ ಲೀಟರಿಗೆ 140 ಮಿಲಿಮೋಲ್. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ 75. ಕ್ರೀಡಾಪಟುಗಳ ಬಣ್ಣದ ಪಾನೀಯಗಳಲ್ಲಿ 20ರ ಆಸುಪಾಸು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಹೀಗೆ ನಾವು ಕುಡಿಯುವುದೆಲ್ಲ ರಕ್ತಕ್ಕಿಂತ ತೆಳು. ಮಿತಿಮೀರಿ ಕುಡಿದರೆ ಓಆರ್‌ಎಸ್ ಕೂಡ ರಕ್ತವನ್ನು ತೆಳು ಮಾಡುತ್ತದೆ. ಎಷ್ಟು ಉಪ್ಪು ಎಂದು ಎರಡು ವರ್ಷ ತಲೆ ಕೆಡಿಸಿಕೊಂಡೆ. ಕೇಳಬೇಕಿದ್ದ ಪ್ರಶ್ನೆ ಎಷ್ಟು ನೀರು ಎಂಬುದು. ಅದನ್ನು ಕಾಕಾ ಮೊದಲ ಯಾತ್ರೆಯ ಎರಡನೆಯ ದಿನವೇ ಹೇಳಿ ಮುಗಿಸಿದ್ದರು.

2025ರಲ್ಲಿ, ಯುಗಾದಿ ಮಾರ್ಚ್ 30ಕ್ಕೆ, ಮೂರನೆಯ ಸಲ ನಡೆದೆ. ಹೊರಡುವ ಮುಂಚೆ ಡಾಕ್ಟರಿಗೆ ಮಾತ್ರೆ ತೋರಿಸಿದೆ. ಸಾಮಾನಿನ ಗಾಡಿಯಲ್ಲಿ ತೂಕದ ಯಂತ್ರ ಇಟ್ಟುಕೊಂಡು ಬೆಳಿಗ್ಗೆ ಸಂಜೆ ನಿಂತು ನೋಡಿದೆ. ಸಂಜೆಗೆ ಅರ್ಧ ಕಿಲೋ, ಒಂದು ಕಿಲೋ ಇಳಿದಿದ್ದರೆ ಸರಿ, ಏರಿದ್ದರೆ ಊಟವಾಗುವವರೆಗೆ ನೀರಿಗೆ ಕೈ ಹಾಕುತ್ತಿರಲಿಲ್ಲ. ಬಾಯಿ ಒಣಗಿದಾಗ ಕುಡಿದೆ. ಮಧ್ಯಾಹ್ನ ಉಪ್ಪು ಹಾಕಿದ ಎರಡು ಲೋಟ ಮಜ್ಜಿಗೆ, ರೊಟ್ಟಿಗೆ ಎಲ್ಲರಂತೆ ಶೇಂಗಾ ಚಟ್ನಿ. ಅರವಟಿಗೆಯವರು ಕರೆದಾಗ ಕೈ ಮುಗಿದು ಒಂದು ಗುಟುಕು ಕುಡಿದು ಲೋಟ ಇಟ್ಟೆ. ಅವರಿಗೂ ಬೇಸರವಾಗಲಿಲ್ಲ. ನಲ್ಲಮಲ ಕಾಡು ಹೊಕ್ಕು ಭೀಮನ ಕೊಳ್ಳ ಇಳಿದು ಹತ್ತಿ ಶ್ರೀಶೈಲ ಮುಟ್ಟಿದಾಗ ತೂಕ 69.8 ಕಿಲೋ. ಉಂಗುರ ಬೆರಳಲ್ಲಿ ಸಡಿಲವಾಗಿ ತಿರುಗುತ್ತಿತ್ತು.

ಬರುವ ಯುಗಾದಿಗೆ ಅರವಟಿಗೆ ಹಾಕುವವರಲ್ಲಿ ಒಂದು ವಿನಂತಿ: ನೀರಿನ ಕೊಡದ ಪಕ್ಕದಲ್ಲಿ ಉಪ್ಪಿನ ಮಜ್ಜಿಗೆಯ ಗಡಿಗೆ ಇಡಿ, ಬೇಡವೆಂದವರಿಗೆ ಒತ್ತಾಯ ಮಾಡಬೇಡಿ. ಯಾರಾದರೂ ತಲೆನೋವು, ವಾಂತಿ, ಊದಿದ ಬೆರಳು ಎಂದು ಕುಸಿದು ಕೂತರೆ, ಇನ್ನೊಂದು ಲೋಟ ನೀರು ಕೊಡುವ ಮುಂಚೆ ಅಲ್ಲಿಯವರೆಗೆ ಎಷ್ಟು ಕುಡಿದಿದ್ದಾರೆಂದು ಕೇಳಿ, ಮಾತು ತೊದಲುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.